ಮಲೆನಾಡಿನ ತೇವದಲ್ಲಿ ಹಳೆಯ ಕಾರಿಗೆ ಮನೆಯಲ್ಲೇ ಟಿಂಕರಿಂಗ್ ಮತ್ತು ಬಣ್ಣ

ಹಳೆಯ ಕಾರಿಗೆ ಮನೆಯಲ್ಲೇ ಬಣ್ಣ ಹೊಡೆಯಲು ಹೊರಟವರು ಮೊದಲು ಕೇಳುವುದು ಯಾವ ಕಂಪ್ರೆಸರ್ ಕೊಳ್ಳಬೇಕು, ಯಾವ ಸ್ಪ್ರೇ ಗನ್ ಒಳ್ಳೆಯದು ಎಂದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಕಾರುಗಳ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಇಲ್ಲಿ ಬಣ್ಣ ಕೆಡುವುದು ಅದರ ಅಡಿಯಿಂದ. ತಗಡಿಗೂ ಪುಟ್ಟಿಗೂ ನಡುವೆ ಉಳಿದುಹೋದ ತೇವ ತುಕ್ಕನ್ನು ಹುಟ್ಟಿಸಿ, ಮೇಲಿನದೆಲ್ಲವನ್ನೂ ಎತ್ತಿಬಿಡುತ್ತದೆ. ನನ್ನ ಮಾರುತಿ 800ರ ಎಡಬಾಗಿಲನ್ನು ನಾನು ಮೊದಲ ಸಲ ದುರಸ್ತಿ ಮಾಡಿದ್ದು ಒಂದು ಆಷಾಢದಲ್ಲಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಿದೆ, ಬಟ್ಟೆಯಿಂದ ಒರೆಸಿದೆ, ಮೇಲ್ಮೈ ಒಣಗಿದಂತೆ ಕಂಡದ್ದರಿಂದ ಅಂದೇ ಪ್ರೈಮರ್ ಹೊಡೆದೆ. ದೀಪಾವಳಿಯ ಹೊತ್ತಿಗೆ ಬಾಗಿಲ ತುಂಬ ಸಾಸಿವೆ ಕಾಳಿನಂತಹ ಗುಳ್ಳೆಗಳು ಎದ್ದಿದ್ದವು. ಅದನ್ನೆಲ್ಲ ಕೆರೆದು ಮತ್ತೆ ಮಾಡಿದ ಮೇಲೆ ಕಲಿತದ್ದನ್ನು ಇಲ್ಲಿ ಕೆಲಸದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲನೆಯದು ಕಾಲದ ಆಯ್ಕೆ. ಕಾಫಿ ಸೀಮೆಯಲ್ಲಿ ಬಣ್ಣಕ್ಕೆ ಒದಗಿಬರುವುದು ಡಿಸೆಂಬರ್ ನಡುವಿನಿಂದ ಫೆಬ್ರವರಿಯವರೆಗಿನ ಅವಧಿ. ಅದಕ್ಕೆ ಮೊದಲು ಹಿಂಗಾರಿನ ತುಂತುರು ಇರುತ್ತದೆ, ಅನಂತರ ಹೂಮಳೆ ಯಾವ ದಿನ ಬರುವುದೋ ಹೇಳಲಾಗದು. ಕೊಯ್ಲಿನ ಕೆಲಸವೂ ಅದೇ ತಿಂಗಳುಗಳಲ್ಲಿ ಬರುವುದರಿಂದ, ತೋಟವಿರುವವರು ತಗಡಿನ ಕೆಲಸವನ್ನು ಮಳೆಗಾಲ ಮುಗಿದೊಡನೆ ಆರಂಭಿಸಿ, ಗನ್ ಹಿಡಿಯುವ ಎರಡು ಮೂರು ದಿನಗಳನ್ನಷ್ಟೇ ಜನವರಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಆಗಲೂ ಬೆಳಗಿನ ಮಂಜು ಪೂರ್ತಿ ಕರಗಿ, ತಗಡು ಬೆಚ್ಚಗಾದ ಮೇಲೆ, ಅಂದರೆ ಸುಮಾರು 11 ಗಂಟೆಯಿಂದ 3 ಗಂಟೆಯೊಳಗೆ ಬಣ್ಣ ಹೊಡೆಯಬೇಕು. ತಗಡಿನ ಉಷ್ಣಾಂಶವು ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಬಣ್ಣದ ಕಸುಬಿನಲ್ಲಿ ಒಪ್ಪಿತವಾದ ಲೆಕ್ಕ. ಗಾಳಿಯ ತೇವಾಂಶ ತೋರಿಸುವ ಸಣ್ಣ ಮಾಪಕವೊಂದನ್ನು ಶೆಡ್ಡಿನಲ್ಲಿ ತೂಗುಹಾಕಿಕೊಳ್ಳಿ, ಅದು ಶೇ. 70ನ್ನು ಮೀರಿದ ದಿನ ನಾನು ಗನ್ ಮುಟ್ಟುವುದಿಲ್ಲ. ಅರಸೀಕೆರೆ, ಕಡೂರಿನಂತಹ ಬಯಲು ಸೀಮೆಯವರಿಗೆ ಈ ಕಷ್ಟ ಕಡಿಮೆ, ಆದರೆ ಅವರು ಹೊಲದ ಧೂಳಿನೊಡನೆ ಗುದ್ದಾಡಬೇಕಾಗುತ್ತದೆ.

ಕಾಗದಪತ್ರದ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿದು, ಅನಂತರ ತಪಾಸಣೆಯೊಂದಿಗೆ 5 ವರ್ಷಕ್ಕೊಮ್ಮೆ ನವೀಕರಣವಾಗುವುದರಿಂದ, ಹಲವರು ಬಣ್ಣದ ಯೋಚನೆ ಮಾಡುವುದೇ ಆ ಹೊತ್ತಿಗೆ. ಕಾರಿನ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಅದೇ ಬಣ್ಣ ಹೊಡೆಯುವುದಾದರೆ ತಕರಾರಿಲ್ಲ. ಬೇರೆ ಬಣ್ಣ ಬೇಕೆನಿಸಿದರೆ ನಿಮ್ಮ ಗಾಡಿ ಕೆಎ 13 ಆಗಿರಲಿ, ಕೆಎ 18 ಅಥವಾ ಕೆಎ 46 ಆಗಿರಲಿ, ಆಯಾ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡ ಮೇಲೆಯೇ ಡಬ್ಬಿ ಕೊಳ್ಳಿ.

ಈಗ ಕಾರನ್ನು ತೊಳೆದು ಒಣಗಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂತಹ ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಎಲ್ಲ ಭಾಗಗಳ ಮೇಲೆ ನಿಧಾನವಾಗಿ ಎಳೆಯಿರಿ. ಅದು ಹಿಡಿತ ಬಿಟ್ಟು ಜಾರಿದ ಕಡೆ ಹಿಂದೆ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ, ಇಲ್ಲವೇ ತಗಡೇ ತುಕ್ಕಾಗಿ ಹೋಗಿದೆ ಎಂದರ್ಥ. ಬಾಗಿಲುಗಳ ಕೆಳಅಂಚು, ರನ್ನಿಂಗ್ ಬೋರ್ಡ್, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಮುಂಗಾಜಿನ ಬೀಡಿಂಗ್‌ನ ಅಡಿ, ಮ್ಯಾಟ್ ಕೆಳಗಿನ ನೆಲದ ತಗಡು — ಈ ಜಾಗಗಳನ್ನು ಬಿಡದೆ ನೋಡಬೇಕು. ಬಾಗಿಲಿನ ಒಳಕ್ಕೆ ಇಳಿದ ನೀರು ಹೊರಹೋಗಲೆಂದು ಕೆಳಗೆ ಸಣ್ಣ ರಂಧ್ರಗಳಿರುತ್ತವೆ. ತೋಟದ ರಸ್ತೆಯ ಕೆಮ್ಮಣ್ಣು ಅವುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಾನೆಟ್ಟಿಗೂ ಮುಂಗಾಜಿಗೂ ನಡುವಿನ ಸಂದಿಯಲ್ಲಿ ಸಿಲ್ವರ್ ಓಕ್ ಎಲೆಗಳು ಕೊಳೆತು, ಸದಾ ಒದ್ದೆಯಾದ ಮೆತ್ತೆಯಾಗಿರುತ್ತವೆ. ಸ್ಕ್ರೂಡ್ರೈವರಿನ ತುದಿಯಿಂದ ಅನುಮಾನದ ಜಾಗಗಳನ್ನು ಒತ್ತಿ ನೋಡಿ. ಹಪ್ಪಳದಂತೆ ಮುರಿಯುವ ತಗಡನ್ನು ಯಾವ ರಾಸಾಯನಿಕವೂ ಉಳಿಸಲಾರದು.

ಹಾಗೆ ತೂತಾದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಬೆಸೆಯಬೇಕು. ಮಾರುತಿಯಂತಹ ಸಣ್ಣ ಕಾರಿನ ತಗಡು ಒಂದು ಮಿಲಿಮೀಟರಿಗಿಂತ ತೆಳುವಾದ್ದರಿಂದ ಉದ್ದಕ್ಕೆ ಬೆಸೆಯುತ್ತ ಹೋದರೆ ಕಾವಿಗೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಎರಡು ಮೂರು ಸೆಂಟಿಮೀಟರಿಗೊಂದು ಚುಕ್ಕೆ ಹಾಕಿ, ಒಂದು ಕಡೆ ತಣ್ಣಗಾಗುವಷ್ಟರಲ್ಲಿ ಇನ್ನೊಂದು ಕಡೆ ಹಾಕುತ್ತ, ಕೊನೆಗೆ ಚುಕ್ಕೆಗಳನ್ನು ಕೂಡಿಸಬೇಕು. ಇದು ಅಭ್ಯಾಸದ ಕೈ ಬೇಡುವ ಕೆಲಸ. ಇದೊಂದಕ್ಕೆ ಮಾತ್ರ ವೆಲ್ಡಿಂಗ್ ಬಲ್ಲವರನ್ನು ಮನೆಗೆ ಕರೆಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಅವರು ಬರುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿ, ಸೀಟು ಮತ್ತು ಮ್ಯಾಟ್‌ಗಳನ್ನು ಹೊರಗಿಟ್ಟು, ಬೆಸೆಯುವ ಜಾಗ ಹಿಂಭಾಗದಲ್ಲಿದ್ದರೆ ಪೆಟ್ರೋಲ್ ಟ್ಯಾಂಕನ್ನೂ ಇಳಿಸಿಡಿ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಮೇಲ್ಮೈಯ ತುಕ್ಕನ್ನು ವೈರ್ ಬ್ರಷ್ ಮತ್ತು 80ನೇ ನಂಬರಿನ ಒರಟು ಎಮರಿ ಪೇಪರಿನಿಂದ ಬಿಳಿ ತಗಡು ಹೊಳೆಯುವವರೆಗೆ ತೆಗೆಯಿರಿ. ಸಣ್ಣ ಗುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕ ಸಾಕು, ಆದರೆ ಡಬ್ಬಿಯ ಮೇಲೆ ಹೇಳಿದಂತೆ ಅದನ್ನು ತೊಳೆದು ಪೂರ್ತಿ ಒಣಗಿಸದಿದ್ದರೆ, ಉಳಿದ ಆಮ್ಲ ಮೇಲೆ ಬರುವ ಪುಟ್ಟಿಯನ್ನು ಗಟ್ಟಿಯಾಗಲು ಬಿಡುವುದಿಲ್ಲ. ನಮ್ಮ ಕಡೆ ಬರಿಯ ತಗಡನ್ನು ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಬಂದಿರುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಭಾಗಕ್ಕೆ ತೇವ ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಯಲು ಆಗುವುದೋ ಅಷ್ಟನ್ನೇ ಉಜ್ಜಿ ಬಿಳುಪಾಗಿಸಬೇಕು. ಉಜ್ಜುವಾಗ ಮಕ್ಕಳನ್ನು ದೂರವಿಡಿ. ಸೀಸದ ಪ್ರಮಾಣವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 90) ಮಿತಿಗೊಳಿಸಿ 2017ರ ನವೆಂಬರಿನಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮ ಮನೆಗೆ ಹಚ್ಚುವ ಮತ್ತು ಅಲಂಕಾರದ ಬಣ್ಣಗಳ ಕುರಿತದ್ದು. ಆದ್ದರಿಂದ ಹಳೆಯ ಕಾರಿನ ಬಣ್ಣದಲ್ಲಿ ಸೀಸವಿದೆಯೆಂದೇ ಭಾವಿಸಿ ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಬೇಕು.

ಡೆಂಟ್ ತೆಗೆಯುವಾಗ ಎಲ್ಲರೂ ಮಾಡುವ ತಪ್ಪೆಂದರೆ ಗುಂಡಿಯ ನಡುವಿಗೇ ಒಳಗಿನಿಂದ ಬಡಿಯುವುದು. ಹಾಗೆ ಬಡಿದರೆ ತಗಡು ಹಿಗ್ಗಿ ಉಬ್ಬುತ್ತದೆ, ಹಿಗ್ಗಿದ ತಗಡನ್ನು ಕುಗ್ಗಿಸುವುದು ಇನ್ನೂ ಕಷ್ಟ. ಪೆಟ್ಟು ಬಿದ್ದಾಗ ಕೊನೆಗೆ ಮಡಿಚಿದ ಅಂಚು ಮೊದಲು ಮೇಲೇಳಬೇಕು. ಒಳಗಿನಿಂದ ಡಾಲಿಯನ್ನು (ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ತಗ್ಗಿಗೆ ಒತ್ತಿಹಿಡಿದು, ಸುತ್ತಲಿನ ಉಬ್ಬಿನ ಮೇಲೆ ಹೊರಗಿನಿಂದ ಹಗುರಾದ ಸುತ್ತಿಗೆಯಿಂದ ತಟ್ಟುತ್ತ ನಡುವಿನ ಕಡೆಗೆ ಬರಬೇಕು. ಏರುತಗ್ಗು ತಿಳಿಯಲು ಕಣ್ಣಿಗಿಂತ ಅಂಗೈ ನಂಬಿಕಸ್ಥ: ತೆಳುವಾದ ಹತ್ತಿಬಟ್ಟೆಯನ್ನು ನಡುವೆ ಇಟ್ಟು, ಅಂಗೈಯನ್ನು ಚಪ್ಪಟೆಯಾಗಿ ಉದ್ದಕ್ಕೆ ಸವರಿ. ಎರಡು ಮೂರು ಮಿಲಿಮೀಟರಿನೊಳಗಿನ ತಗ್ಗು ಉಳಿಯುವಷ್ಟು ಸರಿಹೋದರೆ ಸುತ್ತಿಗೆ ಕೆಳಗಿಡಬಹುದು.

ಇನ್ನು ಪುಟ್ಟಿ. ನಮ್ಮ ಕಡೆಯ ಕಾರುಗಳ ಹಣೆಬರಹ ತೀರ್ಮಾನವಾಗುವುದು ಇಲ್ಲಿಯೇ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಹಾರ್ಡನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿ ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ತಗ್ಗು ತುಂಬಲು ಅದೇ ಬೇಕು. ಟ್ಯೂಬ್ ಅಥವಾ ಡಬ್ಬಿಯಿಂದ ನೇರವಾಗಿ ಹಚ್ಚುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಥಿನ್ನರ್ ಆರಿ ಒಣಗುವಂಥದ್ದು. ಆರುತ್ತ ಕುಗ್ಗುತ್ತದೆ, ಆದ್ದರಿಂದ ಸೂಜಿ ತೂತು, ಉಜ್ಜಿದ ಗೀರುಗಳಿಗಷ್ಟೇ ಅದರ ಉಪಯೋಗ. ಒಂದು ಪೇಂಟ್ ಶಾಪಿನಲ್ಲಿ ನನ್ನ ಕಾರಿನ ಹಿಂದಿನ ಮಡ್‌ಗಾರ್ಡಿಗೆ ಎನ್‌ಸಿ ಪುಟ್ಟಿಯನ್ನೇ ದೋಸೆಹಿಟ್ಟಿನಂತೆ ಬಳಿದು ಕೊಟ್ಟಿದ್ದರು. ಆರು ತಿಂಗಳಲ್ಲಿ ಅದು ಬೇಸಿಗೆಯ ಕೆರೆಯಂತೆ ಬಿರುಕುಬಿಟ್ಟಿತು. ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡನರ್ ತೂಕದಲ್ಲಿ ಶೇ. 2ರಷ್ಟು, ಅಂದರೆ 100 ಗ್ರಾಮಿಗೆ 2 ಗ್ರಾಂ ಇರಲಿ. ನಿಮ್ಮ ಡಬ್ಬಿಯ ಮೇಲೆ ಬೇರೆ ಪ್ರಮಾಣವಿದ್ದರೆ ಅದನ್ನೇ ಪಾಲಿಸಿ. ಚಳಿಯ ಬೆಳಿಗ್ಗೆ ಬೇಗ ಗಟ್ಟಿಯಾಗಲೆಂದು ಹೆಚ್ಚು ಬೆರೆಸಿದರೆ, ಹಾರ್ಡನರಿನಲ್ಲಿ ಉಳಿದ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಹತ್ತಿ ಕಲೆ ಮಾಡುತ್ತದೆ. ಬಣ್ಣ ಒಂದೇ ಸಮನಾಗುವವರೆಗೆ ಅಗಲವಾದ ಹಲಗೆಯ ಮೇಲೆ ಒತ್ತಿ ಒತ್ತಿ ಕಲಸಿ, ಗಾಳಿ ಸೇರದಂತೆ ಮೊದಲ ಪದರವನ್ನು ತೆಳುವಾಗಿ, ಎಪಾಕ್ಸಿ ಪ್ರೈಮರಿನ ಮೇಲ್ಮೈಯನ್ನು ಉಜ್ಜಿದ ನಂತರ ಅದರ ಮೇಲೆ ಬಿಗಿಯಾಗಿ ಎಳೆಯಿರಿ.

ಗಟ್ಟಿಯಾದ ಪುಟ್ಟಿಯನ್ನು ಮರದ ತುಂಡಿಗೆ ಸುತ್ತಿದ ಎಮರಿ ಪೇಪರಿನಿಂದ, ಮೊದಲು 80, ಆಮೇಲೆ 120, ಕೊನೆಗೆ 180ನೇ ನಂಬರಿನಲ್ಲಿ ಉಜ್ಜಬೇಕು. ಬರಿಗೈಯಿಂದ ಒತ್ತಿ ಉಜ್ಜಿದರೆ ಬೆರಳಿನ ಗುರುತೇ ತಗ್ಗಾಗಿ, ಬಣ್ಣ ಬಂದ ಮೇಲೆ ಎದ್ದು ಕಾಣುತ್ತದೆ. ಒಂದು ಹನಿ ನೀರನ್ನೂ ತಾಕಿಸಬಾರದು. ಪಾಲಿಯೆಸ್ಟರ್ ಪುಟ್ಟಿಯ ಉಜ್ಜಿದ ಮೇಲ್ಮೈ ನೀರನ್ನು ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ, ನಮ್ಮ ಹವೆಯಲ್ಲಿ ಅದು ಬೇಗ ಹೊರಬರುವುದೂ ಇಲ್ಲ. ನನ್ನ ಆಷಾಢದ ಬಾಗಿಲಿಗೆ ಆದದ್ದು ಇದೇ. ಧೂಳೇಳುತ್ತದೆಂದು ಹಲವರು ನೀರು ಹಾಕುತ್ತಾರೆ. ಧೂಳಿಗೆ ಮಾಸ್ಕ್ ಇದೆ.

ಪುಟ್ಟಿಯ ಮೇಲೆ ಸಣ್ಣ ಗೀರು ತುಂಬಿ ಸಮಮಾಡುವ ಪ್ರೈಮರ್ ಸರ್ಫೇಸರನ್ನು ಎರಡು ಮೂರು ಪದರ ಹೊಡೆದು, ಒಂದು ರಾತ್ರಿ ಬಿಟ್ಟು, ಕಪ್ಪು ಬಣ್ಣವನ್ನು ಬಹಳ ತೆಳುವಾಗಿ ಹನಿಹನಿಯಾಗಿ ಹಾರಿಸಿ. ಆಮೇಲೆ 320ರ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿದರೆ, ಏರಿದ ಕಡೆ ಕಪ್ಪು ಹೋಗಿ ತಗ್ಗಿನಲ್ಲಿ ಉಳಿಯುತ್ತದೆ. ಉಳಿದ ಕಪ್ಪು ಪೂರ್ತಿ ಹೋಗುವವರೆಗೆ ಈ ಕೆಲಸ ಮುಗಿಯಲಿಲ್ಲ. ಪುಟ್ಟಿ ಎಲ್ಲಿಯೂ ಹೊರಗೆ ಕಾಣದಂತೆ ಮುಚ್ಚಿದೆಯೆಂದು ಖಚಿತವಾದರೆ ಮಾತ್ರ ಕೊನೆಯ 600ರ ವಾಟರ್ ಪೇಪರನ್ನು ನೀರಿನೊಡನೆ ಬಳಸಬಹುದು.

ಯಾವ ಬಣ್ಣ ಹೊಡೆಯಬೇಕೆಂಬುದರಲ್ಲಿ ನನ್ನ ನಿಲುವು ಸ್ವಲ್ಪ ಕಠಿಣ. ಇಂದು ವರ್ಕ್‌ಶಾಪುಗಳಲ್ಲಿ ಹೊಡೆಯುವ 2ಕೆ ಪಿಯು, ಅಂದರೆ ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಬಣ್ಣ, ಹೊಳಪಿನಲ್ಲಿಯೂ ಬಾಳಿಕೆಯಲ್ಲಿಯೂ ಮೇಲು. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಗನ್ನಿನಿಂದ ಹೊಮ್ಮುವ ಮಂಜನ್ನು ಉಸಿರಾಡಿದವರಿಗೆ ಜೀವನಪರ್ಯಂತ ಉಬ್ಬಸ ಹಿಡಿಯಬಹುದು, ಅಪಾಯದ ಮಟ್ಟ ಮೀರಿದ್ದನ್ನು ಮೂಗು ಹೇಳುವುದಿಲ್ಲ, ಕಾರ್ಟ್ರಿಜ್ ಮಾಸ್ಕನ್ನೂ ಅದಕ್ಕೆ ಸಾಕೆಂದು ನೆಚ್ಚುವಂತಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡವಿಲ್ಲದೆ ಮನೆಯ ಶೆಡ್ಡಿನಲ್ಲಿ ಅದನ್ನು ಹೊಡೆಯಲೇಬಾರದು. 2ಕೆ ಬೇಕೆನ್ನುವವರು ಸರ್ಫೇಸರ್‌ವರೆಗೆ ಮನೆಯಲ್ಲಿ ಮಾಡಿ, ಕೊನೆಯ ಬಣ್ಣಕ್ಕೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಬಣ್ಣ ಹೊಡೆಯುವ ಮುಚ್ಚಿದ ಬೂತ್ ಇರುವ ಕಡೆಗೆ ಕಾರು ಒಯ್ಯಲಿ. ಖರ್ಚಿನ ದೊಡ್ಡ ಪಾಲಾದ ಟಿಂಕರಿಂಗ್ ಕೂಲಿ ಹೇಗೂ ಉಳಿದಿರುತ್ತದೆ. ಪೂರ್ತಿ ಮನೆಯಲ್ಲೇ ಆಗಬೇಕೆಂದರೆ ಎನ್‌ಸಿ ಬಣ್ಣ ಸೂಕ್ತ: ಬೇಗ ಆರುತ್ತದೆ, ಸೋರಿದರೆ ಉಜ್ಜಿ ಮತ್ತೆ ಹೊಡೆಯಬಹುದು, ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಇದಕ್ಕೆ ಸಾಕಾಗುತ್ತದೆ. ಇದನ್ನು ಹೊಡೆಯುವ ಮುನ್ನ ಹಳೆಯ ಬಣ್ಣದ ಮೂಲೆಯೊಂದನ್ನು ಥಿನ್ನರ್ ಬಟ್ಟೆಯಿಂದ ಉಜ್ಜಿ ನೋಡಿ. ಅದು ಸುಕ್ಕುಗಟ್ಟಿದರೆ ಅಡಿಯಲ್ಲಿ ಸಿಂಥೆಟಿಕ್ ಎನಾಮೆಲ್ ಇದೆ, ಅದನ್ನು ಪೂರ್ತಿ ತೆಗೆಯದೆ ಎನ್‌ಸಿ ಹೊಡೆಯುವಂತಿಲ್ಲ. ಬಣ್ಣ ಹೊಂದಿಸಲು ಪೆಟ್ರೋಲ್ ಮುಚ್ಚಳದ ಹೊರಬಾಗಿಲನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ.

ಶೆಡ್ಡನ್ನು ಹಿಂದಿನ ಸಂಜೆಯೇ ನೀರು ಚಿಮುಕಿಸಿ ಗುಡಿಸಿಬಿಡಿ. ಹೊಡೆಯುವ ದಿನ ನೆಲ ಒಣಗಿರಲಿ. ಥಿನ್ನರಿನ ಆವಿ ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹರಿಯುವುದರಿಂದ, ಬಚ್ಚಲಿನ ಹಂಡೆಯ ಒಲೆ ಹತ್ತಿರವಿದ್ದರೆ ಅಂದು ಸ್ನಾನ ಮುಗಿಸಿ ಕೆಂಡ ಆರಿಸಿರಬೇಕು. ಕಾಫಿ ಒಣಗಿಸುವ ಕಣದ ಬಳಿಯೂ ಬೇಡ, ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಕಂಪ್ರೆಸರಿನ ಟ್ಯಾಂಕಿನ ನೀರನ್ನು ಗಂಟೆಗೊಮ್ಮೆ ಹೊರಬಿಡಿ. ನೀರು ಬೇರ್ಪಡಿಸುವ ಫಿಲ್ಟರನ್ನು ಕಂಪ್ರೆಸರಿನ ಬಾಯಲ್ಲೇ ಕೂರಿಸದೆ, ಆರೇಳು ಮೀಟರ್ ಪೈಪಿನ ಆಚೆ ಕೂರಿಸಿದರೆ, ಅಷ್ಟರಲ್ಲಿ ತಣ್ಣಗಾದ ಗಾಳಿಯಿಂದ ನೀರು ಸರಿಯಾಗಿ ಬೇರೆಯಾಗುತ್ತದೆ. ಡ್ಯಾಷ್‌ಬೋರ್ಡ್ ಪಾಲಿಷಿನ ಸಿಲಿಕೋನ್ ಅಥವಾ ತಲೆಗೆಣ್ಣೆಯ ಕೈ ಎಲ್ಲಿ ತಾಕಿದೆಯೋ ಅಲ್ಲಿ ಬಣ್ಣ ಮೀನಿನ ಕಣ್ಣಿನಂತೆ ಸರಿದು ನಿಲ್ಲುವುದರಿಂದ, ಜಿಡ್ಡು ತೆಗೆಯುವ ದ್ರಾವಣದಿಂದ ಒಂದು ಬಟ್ಟೆಯಲ್ಲಿ ಒರೆಸಿ, ಅದು ಆರುವ ಮುನ್ನ ಇನ್ನೊಂದು ಒಣಬಟ್ಟೆಯಲ್ಲಿ ಎತ್ತಿಬಿಡಿ.

ಬಣ್ಣವನ್ನು ಸೋಸಿ, 1.4 ಮಿಲಿಮೀಟರ್ ನಳಿಕೆಯ ಗನ್ನಿನಲ್ಲಿ, 15ರಿಂದ 20 ಸೆಂಟಿಮೀಟರ್ ದೂರದಿಂದ, ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನು ಸರಿಸುತ್ತ ಹೊಡೆಯಬೇಕು. ಪ್ರತಿ ಎಳೆಯೂ ಹಿಂದಿನದರ ಅರ್ಧ ಭಾಗವನ್ನು ಮುಚ್ಚಲಿ. ತೆಳುವಾಗಿ ನಾಲ್ಕು ಪದರ, ನಡುವೆ 10ರಿಂದ 15 ನಿಮಿಷ ಬಿಡುವು. ಕರೆಂಟು ಹೋಗುವ ಊರುಗಳಲ್ಲಿ ಇಡೀ ಕಾರನ್ನು ಒಮ್ಮೆಗೇ ಹಿಡಿಯದೆ ಒಂದೊಂದೇ ಪ್ಯಾನೆಲ್ ಮುಗಿಸುವುದು ಜಾಣತನ. ಬಣ್ಣ ಆರುತ್ತಿದ್ದಂತೆ ಮೇಲೆ ಬಿಳಿಯ ಮಬ್ಬು ಕವಿದರೆ ಗಾಬರಿ ಬೇಡ. ಥಿನ್ನರ್ ಆರುವ ರಭಸಕ್ಕೆ ಮೇಲ್ಮೈ ತಂಪಾಗಿ ಗಾಳಿಯ ತೇವ ಅಲ್ಲಿ ಕೂತಿರುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಸ್ವಲ್ಪ ಬೆರೆಸಿ, ಬಿಸಿಲೇರಿದ ಮೇಲೆ ತೆಳುವಾಗಿ ಇನ್ನೊಂದು ಪದರ ಹೊಡೆದರೆ ಮಬ್ಬು ಕರಗುತ್ತದೆ. ಕೂತ ಹುಳುವನ್ನು ಹಸಿಯಲ್ಲಿ ಕೀಳಲು ಹೋಗಬೇಡಿ, ಆರಿದ ಮೇಲೆ ಚಿಮಟದಲ್ಲಿ ತೆಗೆದರೆ ಗುರುತು ಚಿಕ್ಕದಾಗಿರುತ್ತದೆ.

ಎರಡು ವಾರ ಕಳೆದ ಮೇಲೆ 1500 ಮತ್ತು 2000ದ ವಾಟರ್ ಪೇಪರಿನಿಂದ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ತರಬಹುದು. ಅಂಚುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಕೈ ಹಗುರವಾಗಿರಲಿ. ಬಾಗಿಲು ಮತ್ತು ರನ್ನಿಂಗ್ ಬೋರ್ಡಿನ ಒಳಗೆ ಮೇಣದಂತಹ ತುಕ್ಕುತಡೆ ದ್ರಾವಣವನ್ನು ಉದ್ದ ಕೊಳವೆಯಿಂದ ಹಾರಿಸಿ, ಹಾಗೆ ಮಾಡುವಾಗ ನೀರಿನ ರಂಧ್ರಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಮುಂಗಾರು ಹಿಡಿಯುವ ಮುನ್ನ, ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡು ಆ ರಂಧ್ರಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸಬೇಕು. ತಂತಿಯನ್ನು ಬಳಸಿದರೆ ಅಂಚಿನ ಹೊಸ ಬಣ್ಣ ಗೀರಿಹೋಗುತ್ತದೆ.