ಹಳೆಯ ಕೋಹ್ಲರ್ ಗಾರ್ಡನ್ ಟ್ರ್ಯಾಕ್ಟರ್‌ನಲ್ಲಿ ಸ್ಪಾರ್ಕ್ ಬಾರದಿದ್ದರೆ

ಅಮೆರಿಕದಲ್ಲಿ 1960-70ರ ದಶಕಗಳಲ್ಲಿ ತಯಾರಾದ ಕಬ್ ಕೆಡೆಟ್, ವೀಲ್ ಹಾರ್ಸ್, ಜಾನ್ ಡಿಯರ್ 110ರಂಥ ಗಾರ್ಡನ್ ಟ್ರ್ಯಾಕ್ಟರ್‌ಗಳು ಇಂದಿಗೂ ಹುಲ್ಲು ಕೊಯ್ಯುತ್ತಿವೆ, ಹಿಮ ತಳ್ಳುತ್ತಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಇರುವುದು ಕೋಹ್ಲರ್ ಕಂಪನಿಯ ಕೆ-ಸರಣಿಯ ಒಂಟಿ ಸಿಲಿಂಡರ್ ಎಂಜಿನ್: 10 ಎಚ್‌ಪಿಯ ಕೆ241, 12ರ ಕೆ301, 14ರ ಕೆ321. ಬ್ಯಾಟರಿ, ಅದರ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲ್, ಕಾಯಿಲ್‌ನ ಕರೆಂಟನ್ನು ಸ್ವಿಚ್ಚಿನಂತೆ ಕಡಿದು ಕೂಡಿಸುವ ಪಾಯಿಂಟ್, ಪಾಯಿಂಟ್‌ನಲ್ಲಿ ಆರ್ಕ್ ಹಾರದಂತೆ ತಡೆಯುವ ಕಂಡೆನ್ಸರ್, ಪ್ಲಗ್, ಇಷ್ಟೇ ಇದರ ಇಗ್ನಿಷನ್ (ಕಿಡಿ ಕೊಡುವ ವ್ಯವಸ್ಥೆ). ಮೈಸೂರಿನ ಯೆಜ್ಡಿಯ ಪಾಯಿಂಟ್ ಸರಿ ಮಾಡಿ ಗೊತ್ತಿದ್ದವರಿಗೆ ಇಲ್ಲಿ ಹೊಸದೇನೂ ಕಾಣುವುದಿಲ್ಲ. ಕಿಡಿ ಬಾರದಿದ್ದಾಗ ಕಾಯಿಲ್, ಕಂಡೆನ್ಸರ್, ಪ್ಲಗ್ ಎಲ್ಲವನ್ನೂ ಒಟ್ಟಿಗೆ ಕೊಂಡು ತಂದು ಹಾಕುವವರೇ ಹೆಚ್ಚು. ಅದರ ಅಗತ್ಯವಿಲ್ಲ. ಒಂದು 12 ವೋಲ್ಟ್ ಟೆಸ್ಟ್ ಲೈಟ್ (ಕರೆಂಟ್ ಇದೆಯೇ ಎಂದು ತೋರಿಸುವ ಬಲ್ಬ್) ಮತ್ತು ಒಂದು ಮಲ್ಟಿಮೀಟರ್ ಇದ್ದರೆ ದೋಷ ಎಲ್ಲಿದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಮೊದಲು ನಿಮ್ಮ ಎಂಜಿನ್ ಯಾವ ಬಗೆಯದು ಎಂದು ಖಚಿತ ಮಾಡಿಕೊಳ್ಳಿ. ಹೊರಗೆ ಡಬ್ಬಿಯಾಕಾರದ ಕಾಯಿಲ್ ಇದ್ದು, ಅದರ ಮೇಲೆ ಪ್ಲಸ್ ಮತ್ತು ಮೈನಸ್ ಟರ್ಮಿನಲ್‌ಗಳಿದ್ದರೆ ಅದು ಬ್ಯಾಟರಿ ಇಗ್ನಿಷನ್. ಇಲ್ಲಿ ಹೇಳುವುದೆಲ್ಲ ಅದಕ್ಕೇ. ಮ್ಯಾಗ್ನೆಟೊ (ಬ್ಯಾಟರಿಯಿಲ್ಲದೆ ಆಯಸ್ಕಾಂತದಿಂದ ಕಿಡಿ ಕೊಡುವ ಸಾಧನ) ಇರುವ ಎಂಜಿನ್‌ಗಾಗಲಿ, ಫ್ಲೈವೀಲ್ ಪಕ್ಕ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುವ ನಂತರದ ಎಂಜಿನ್‌ಗಾಗಲಿ ಇದು ಹೊಂದುವುದಿಲ್ಲ. ಅವುಗಳ ಕಿಲ್ ವೈರ್‌ಗೆ (ಎಂಜಿನ್ ನಿಲ್ಲಿಸುವ ವೈರ್) 12 ವೋಲ್ಟ್ ಕೊಟ್ಟರೆ ಮಾಡ್ಯೂಲ್ ಸುಟ್ಟೇ ಹೋಗುತ್ತದೆ.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಪಿಟಿಒ (ಹುಲ್ಲು ಕೊಯ್ಯುವ ಬ್ಲೇಡಿನಂಥ ಉಪಕರಣಕ್ಕೆ ಎಂಜಿನ್ ಶಕ್ತಿ ಕೊಡುವ ಜೋಡಣೆ) ಬಿಡಿಸಿ, ಬ್ರೇಕ್ ಹಾಕಿ. ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಪಾಯಿಂಟ್ ಡಬ್ಬಿ ಇರುವುದು ಅದರ ಹತ್ತಿರವೇ. ಪ್ಲಗ್ ಬಿಚ್ಚಿ ವೈರ್‌ಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗವನ್ನು ಕ್ಲಿಪ್ಪಿನಿಂದ ಎಂಜಿನ್‌ಗೆ ಅರ್ತ್ ಮಾಡಿ, ಪ್ಲಗ್ ರಂಧ್ರದಿಂದ ದೂರವಿಡಿ. ನೆರಳಿನಲ್ಲಿ ನೋಡಿ, ಬಿಸಿಲಿನಲ್ಲಿ ಒಳ್ಳೆಯ ಕಿಡಿಯೂ ಕಾಣುವುದಿಲ್ಲ. ಈ ಎಂಜಿನ್‌ಗೆ ಪ್ಲಗ್ ಗ್ಯಾಪ್ 0.9 ಮಿ.ಮೀ.

ಕೀ ಆನ್ ಮಾಡಿ, ಕಾಯಿಲ್‌ನ ಪ್ಲಸ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 12.6 ಇದ್ದು ಇಲ್ಲಿ ಏನೂ ಬರದಿದ್ದರೆ, ಅಥವಾ 11ಕ್ಕಿಂತ ಕಡಿಮೆ ಬಂದರೆ, ತಪ್ಪು ಕಾಯಿಲ್‌ನದಲ್ಲ. ಫ್ಯೂಸ್, ಕೀ ಸ್ವಿಚ್, ಕನೆಕ್ಟರ್, ಸೇಫ್ಟಿ ಸ್ವಿಚ್, ಇವುಗಳಲ್ಲೊಂದು ಕೆಟ್ಟಿದೆ. ಬ್ಯಾಟರಿಯ ಪ್ಲಸ್‌ನಿಂದ ಕಾಯಿಲ್‌ನ ಪ್ಲಸ್‌ಗೆ ನೇರವಾಗಿ ಒಂದು ವೈರ್ ಹಾಕಿ ಸ್ಟಾರ್ಟರ್ ತಿರುಗಿಸಿ. ಕಿಡಿ ಬಂತೆಂದರೆ ದೋಷ ವೈರಿಂಗ್‌ನಲ್ಲಿ. ಈ ವೈರ್ ಇರುವವರೆಗೆ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ, ಹಾಗಾಗಿ ಕ್ಲಿಪ್ ಕೈಗೆ ಸಿಗುವಂತಿರಲಿ. ಸ್ಟಾರ್ಟರ್ ತಿರುಗುವಾಗಲೂ ವೋಲ್ಟೇಜ್ ನೋಡಬೇಕು. ಸುಮ್ಮನಿದ್ದಾಗ 12 ತೋರಿಸಿ, ತಿರುಗಿಸಿದಾಗ 9ಕ್ಕೆ ಇಳಿಯುವ ಬ್ಯಾಟರಿ ಸ್ಟಾರ್ಟರನ್ನು ತಿರುಗಿಸಿದರೂ ಕಾಯಿಲ್‌ಗೆ ಸಾಲದೆ ಹೋಗಬಹುದು.

ಇನ್ನು ಮುಖ್ಯವಾದ ಪರೀಕ್ಷೆ. ಟೆಸ್ಟ್ ಲೈಟ್‌ನ ಕ್ಲಿಪ್ಪನ್ನು ಎಂಜಿನ್‌ಗೆ ಹಾಕಿ, ಮೊನೆಯನ್ನು ಕಾಯಿಲ್‌ನ ಮೈನಸ್‌ಗೆ, ಅಂದರೆ ಪಾಯಿಂಟ್‌ಗೆ ಹೋಗುವ ತುದಿಗೆ ಮುಟ್ಟಿಸಿ, ಸ್ಟಾರ್ಟರ್ ತಿರುಗಿಸಿ. ಪಾಯಿಂಟ್ ಮುಚ್ಚಿದ್ದಾಗ ಕರೆಂಟ್ ಅದರ ಮೂಲಕ ಅರ್ತ್‌ಗೆ ಹೋಗುವುದರಿಂದ ಬಲ್ಬ್ ಆರುತ್ತದೆ, ತೆರೆದಾಗ ಹತ್ತುತ್ತದೆ. ಮಿಟುಕುತ್ತಿದ್ದರೆ ಪಾಯಿಂಟ್ ಕೆಲಸ ಮಾಡುತ್ತಿದೆ; ಇನ್ನು ಕಾಯಿಲ್, ಕಂಡೆನ್ಸರ್, ಎಚ್‌ಟಿ ವೈರ್ (ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವ ವೈರ್), ಪ್ಲಗ್ ಮಾತ್ರ ಉಳಿದವು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಕೊಳೆ ಹಿಡಿದಿದೆ, ಇಲ್ಲವೇ ಅದರ ವೈರ್ ಕಡಿದಿದೆ. ಪ್ಲಸ್‌ನಲ್ಲಿ ವೋಲ್ಟೇಜ್ ಇದ್ದೂ ಬಲ್ಬ್ ಹತ್ತದೇ ಇದ್ದರೆ ಪಾಯಿಂಟ್ ವೈರನ್ನು ಕಾಯಿಲ್‌ನಿಂದ ಬಿಚ್ಚಿ ಮತ್ತೆ ಮುಟ್ಟಿಸಿ. ಈಗ ಹತ್ತಿದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ವೈರ್ ಪಾಯಿಂಟ್ ಕವರಿನ ಅಂಚಿಗೆ ಉಜ್ಜಿ ಸುಲಿದು ಅರ್ತ್ ಆಗುತ್ತಿದೆ. ಈ ಕೊನೆಯದನ್ನು ಗಮನಿಸದವರೇ ಜಾಸ್ತಿ. ಈಗಲೂ ಹತ್ತದಿದ್ದರೆ ಕಾಯಿಲ್‌ನ ಪ್ರೈಮರಿ (ಪ್ಲಸ್, ಮೈನಸ್ ನಡುವಿನ ಒಳಸುರುಳಿ) ಕಡಿದಿದೆ.

ಪಾಯಿಂಟ್ ಇರುವುದು ಕ್ರ್ಯಾಂಕ್‌ಕೇಸಿನ ಬದಿಯಲ್ಲಿ, ಚಿಕ್ಕ ಕವರಿನ ಕೆಳಗೆ. ಕ್ಯಾಮ್‌ಶಾಫ್ಟ್ ಒಂದು ಸಣ್ಣ ಪುಶ್ ರಾಡ್‌ನಿಂದ ಅದನ್ನು ತಳ್ಳುತ್ತದೆ. ಈ ರಾಡ್‌ನ ತುದಿ ಸವೆದರೆ ಗ್ಯಾಪ್ ಕಡಿಮೆಯಾಗುತ್ತದೆ. ರಾಡ್ ರಂಧ್ರ ಸವೆದರೆ ಎಣ್ಣೆ ಒಳಬಂದು ಪಾಯಿಂಟ್ ಕಪ್ಪಾಗುತ್ತದೆ. ಹೊಸ ಪಾಯಿಂಟ್ ಹಾಕಿದ ಮೇಲೂ ಕಿಡಿ ಬಾರದಿರಲು ದೊಡ್ಡ ಕಾರಣ ಅದರ ಮೇಲಿರುವ ತುಕ್ಕು ತಡೆಯುವ ಎಣ್ಣೆಯ ಪದರ. ದಪ್ಪ ಕಾಗದದ ತುಂಡನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ ಮುಚ್ಚಿದ ಪಾಯಿಂಟ್‌ಗಳ ನಡುವೆ ಎಳೆಯಿರಿ, ನಂತರ ಒಣ ಕಾಗದ, ಕಪ್ಪು ಕಲೆ ನಿಲ್ಲುವವರೆಗೆ. ಎಮರಿ ಪೇಪರ್ ಬೇಡವೇ ಬೇಡ. ಅದರ ಹರಳುಗಳು ಲೋಹದಲ್ಲಿ ಸಿಕ್ಕಿಕೊಂಡು ಸಂಪರ್ಕ ಕೆಡಿಸುತ್ತವೆ.

ಗ್ಯಾಪ್ ಇಡಲು ಎಂಜಿನನ್ನು ಕೈಯಿಂದ ತಿರುಗಿಸಿ, ಪಾಯಿಂಟ್ ಪೂರ್ತಿ ತೆರೆದಾಗ ಸ್ವಚ್ಛವಾದ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿ) 0.5 ಮಿ.ಮೀ. (0.020 ಇಂಚು) ಮಾಡಿ. ಟೈಮಿಂಗ್‌ಗೆ ಹೌಸಿಂಗಿನ ಸಣ್ಣ ಕಿಂಡಿಯಲ್ಲಿ ಫ್ಲೈವೀಲ್‌ನ ‘ಎಸ್’ ಗುರುತು ನೋಡಿ. ಅದು ಪಿಸ್ಟನ್ ಮೇಲ್ತುದಿಗೆ 20 ಡಿಗ್ರಿ ಮುಂಚಿನ ಗುರುತು. ಕಂಪ್ರೆಷನ್ ಹೊಡೆತದಲ್ಲಿ ‘ಎಸ್’ ಗುರುತು ಬಂದಾಗ ಟೆಸ್ಟ್ ಲೈಟ್ ಆಗಷ್ಟೇ ಹತ್ತಬೇಕು. ಅದಕ್ಕಾಗಿ ಗ್ಯಾಪನ್ನು 0.43ರಿಂದ 0.58 ಮಿ.ಮೀ. ನಡುವೆ ಸರಿಪಡಿಸಿದರೆ ತೊಂದರೆಯಿಲ್ಲ.

ಬಲ್ಬ್ ಮಿಟುಕುತ್ತಿದ್ದೂ ಕಿಡಿ ಇಲ್ಲವೇ? ಕಾಯಿಲ್‌ನ ವೈರ್‌ಗಳನ್ನು ಬಿಚ್ಚಿ ಅಳೆಯಿರಿ: ಪ್ರೈಮರಿ ಸುಮಾರು 3ರಿಂದ 4 ಓಮ್, ಸೆಕೆಂಡರಿ (ಎಚ್‌ಟಿ ವೈರ್‌ಗೆ ಕರೆಂಟ್ ಕೊಡುವ ಸುರುಳಿ) ಸುಮಾರು 8ರಿಂದ 12 ಸಾವಿರ ಓಮ್ ಇರಬೇಕು. ಪ್ರೈಮರಿ 1.5 ಓಮ್ ತೋರಿಸಿದರೆ ಅದು ಹೊರಗಿನ ರೆಸಿಸ್ಟರ್ ಬೇಕಾದ ಕಾರ್ ಕಾಯಿಲ್. ನೇರವಾಗಿ 12 ವೋಲ್ಟ್‌ಗೆ ಹಾಕಿದರೆ ಸುಮಾರು 8 ಆಂಪಿಯರ್ ಎಳೆದು ಪಾಯಿಂಟ್ ಸುಡುತ್ತದೆ. ಪಾಯಿಂಟ್ ತೆರೆಯುವಾಗ ಜೋರು ನೀಲಿ ಆರ್ಕ್ ಹಾರುತ್ತಿದ್ದು, ಪ್ಲಗ್‌ನಲ್ಲಿ ಮಾತ್ರ ಹಳದಿ, ಸೊರಗಿದ ಕಿಡಿ ಇದ್ದರೆ ಕಂಡೆನ್ಸರ್ ಹೋಗಿದೆ. ಕೆಪ್ಯಾಸಿಟಿ ಅಳೆಯುವ ಮೀಟರ್‌ನಲ್ಲಿ 0.2 ಮೈಕ್ರೋಫ್ಯಾರಡ್ ಆಸುಪಾಸು ಬರಬೇಕು. ಅದರ ಬುಡ ಎಂಜಿನ್‌ಗೆ ತಾಗುವ ಜಾಗದಲ್ಲಿ ಬಣ್ಣ, ತುಕ್ಕು ಇದ್ದರೆ ಹೊಸ ಕಂಡೆನ್ಸರ್ ಕೂಡ ಕೆಲಸಕ್ಕೆ ಬಾರದು. ಎಚ್‌ಟಿ ವೈರನ್ನು ಕಾಯಿಲ್‌ನಿಂದ ಎಳೆದು, ಒಳಗೆ ಹಸಿರು ಕಿಲುಬು ಇದೆಯೇ ನೋಡುವುದನ್ನೂ ಬಿಡಬೇಡಿ.

ಕೆಲಸದ ನಡುವೆ ಎಂಜಿನ್ ನಿಂತಿರುವಾಗ ಕೀ ಆನ್ ಬಿಡಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ ಬಿಸಿಯಾಗಿ ಹಾಳಾಗುತ್ತದೆ. ಕವರ್ ಮುಚ್ಚುವಾಗ ಗ್ಯಾಸ್ಕೆಟ್ ಮತ್ತು ವೈರ್ ಹಾಯುವ ರಬ್ಬರ್ ಗ್ರಾಮೆಟ್ ಸರಿ ಕೂತಿರಲಿ. ಕೆಲವು ವಾರಗಳಲ್ಲೇ ಪಾಯಿಂಟ್ ಮತ್ತೆ ಎಣ್ಣೆಯಾದರೆ, ಪುಶ್ ರಾಡ್ ದೂರುವ ಮೊದಲು ಎಂಜಿನ್‌ನ ಬ್ರೀದರ್ (ಒಳಗಿನ ಒತ್ತಡ ಹೊರಬಿಡುವ ದಾರಿ) ಕಟ್ಟಿದೆಯೇ ನೋಡಿ. ಕ್ರ್ಯಾಂಕ್‌ಕೇಸಿನ ಒತ್ತಡ ಹೆಚ್ಚಿದಾಗ ಎಣ್ಣೆ ಪುಶ್ ರಾಡ್‌ನ ರಂಧ್ರದ ಮೂಲಕವೇ ಹೊರಬರುತ್ತದೆ.