ಉಗುರು ಕಪ್ಪಾಗುವುದು ನಿಂತಿದ್ದು ಹೀಗೆ

ಹಾಫ್ ಮ್ಯಾರಥಾನ್ ತಯಾರಿಯಲ್ಲಿ 15 ಕಿ.ಮೀ. ದಾಟಿದರೆ ಸಾಕು, ಕಾಲಿನ ಹೆಬ್ಬೆರಳು ನೋಯುತ್ತಿತ್ತು. ಆಮೇಲೆ ಉಗುರು ಕಪ್ಪಾಯಿತು. ಶೂ ಚಿಕ್ಕದಾಯಿತು ಅಂದುಕೊಂಡು ಒಂದು ಸೈಜ್ ದೊಡ್ಡದು ಕೊಂಡೆ. ಈಗ ಹಿಮ್ಮಡಿ ಎದ್ದೆದ್ದು ಬಂದು ಅಲ್ಲೂ ಬೊಬ್ಬೆ! ಇಳಿಜಾರಿನಲ್ಲಂತೂ ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಬಡಿಯುತ್ತಿತ್ತು. ಅಸಲಿ ತೊಂದರೆ ಈ ಜಾರಾಟವೇ.

ಶೂ ಮೇಲ್ತುದಿಯಲ್ಲಿ, ಕಣಕಾಲಿನ ಹತ್ತಿರ, ಒಂದು ಹೆಚ್ಚಿನ ತೂತು ಇರುತ್ತದೆ ಅಲ್ವಾ? ಅದು ಸುಮ್ನೆ ಇಟ್ಟಿದ್ದಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಪುಟ್ಟ ಕುಣಿಕೆ ಬಿಟ್ಟೆ. ಇನ್ನೊಂದು ಬದಿಗೂ ಹಾಗೇ. ಆಮೇಲೆ ಎರಡೂ ತುದಿಗಳನ್ನು ಎದುರು ಬದಿಯ ಕುಣಿಕೆಯೊಳಗೆ ಹಾಯಿಸಿ, ಕೆಳಕ್ಕೆ ಎಳೆದು ಗಂಟು ಹಾಕಿದೆ. ಹಿಮ್ಮಡಿ ಗಟ್ಟಿಯಾಗಿ ಕೂತಿತು. ಬೆರಳುಗಳ ಕಡೆ ಮಾತ್ರ ಸಡಿಲವೇ ಉಳಿಯಿತು. ಎಷ್ಟು ಖುಷಿಯಾಯಿತು ಗೊತ್ತಾ!

ಮುಂದಿನ ಜೋಡಿಯನ್ನು ಸಂಜೆ ಹೊತ್ತು, ಓಡುವ ಸಾಕ್ಸ್ ಹಾಕಿಕೊಂಡೇ ನೋಡಿದೆ. ಓಡುವಾಗ ಪಾದ ಊದುತ್ತದೆ, ಸಂಜೆಗೂ ಸ್ವಲ್ಪ ಊದಿರುತ್ತದೆ. ನಿಂತಾಗ ಕಾಲ್ಬೆರಳ ಮುಂದೆ ಕೈ ಹೆಬ್ಬೆರಳಿನಗಲ ಜಾಗ ಇರಬೇಕು. ಮೊಟ್ಟಮೊದಲ ಜೋಡಿಗಿಂತ ಅರ್ಧ ಸೈಜ್ ಜಾಸ್ತಿ ಸರಿಹೋಯಿತು.

ರೇಸ್ ದಿನ 21.1 ಕಿ.ಮೀ. ಮುಗಿಸಿ ಸಾಕ್ಸ್ ಬಿಚ್ಚಿದೆ. ನೋವಿಲ್ಲ, ಬೊಬ್ಬೆಯಿಲ್ಲ. ಹಳೆಯ ಕಪ್ಪು ಗುರುತು ಬೆಳೆದು ಹೋಗಲು ಮಾತ್ರ ಇನ್ನೂ ಹಲವು ತಿಂಗಳು ಹಿಡಿಯಿತು.