ಜೆಂಕಿನ್ಸ್ ಪುಟ ತೆರೆಯದಿದ್ದಾಗ ಎಲ್ಲಿಂದ ಹುಡುಕಬೇಕು

ಕೋಡ್‌ನ ಬಿಲ್ಡ್, ಪರೀಕ್ಷೆಗಳನ್ನು ತಾನಾಗಿ ನಡೆಸುವ ಸರ್ವರ್ ಪ್ರೋಗ್ರಾಂ ಜೆಂಕಿನ್ಸ್. ಅದರ ಪುಟ ತೆರೆಯದಿದ್ದರೆ ಮೊದಲು ಬ್ರೌಸರ್ ಏನು ಹೇಳುತ್ತಿದೆ ಎಂದು ಸರಿಯಾಗಿ ಓದಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಸಾಮಾನ್ಯವಾಗಿ ಸರ್ವರ್ ಸಿಕ್ಕಿದೆ, ಪೋರ್ಟ್‌ನಲ್ಲಿ (ಪ್ರೋಗ್ರಾಂ ಕೋರಿಕೆಗೆ ಕಾಯುವ, ಸಂಖ್ಯೆ ಇರುವ ಬಾಗಿಲು) ಯಾವ ಪ್ರೋಗ್ರಾಂ ಕೂಡ ಇಲ್ಲ. ಪುಟ ತಿರುಗುತ್ತಲೇ ಇದ್ದು ಟೈಮ್‌ಔಟ್ ಆದರೆ ಫೈರ್‌ವಾಲ್ ಮೇಲೆ ಅನುಮಾನ. 502 ಬಂದರೆ ಮುಂದೆ ನಿಂತು ಕೋರಿಕೆಗಳನ್ನು ಜೆಂಕಿನ್ಸ್‌ಗೆ ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಸರಿಯಿದೆ, ಹಿಂದಿನ ಜೆಂಕಿನ್ಸ್ ಉತ್ತರ ಕೊಡುತ್ತಿಲ್ಲ.

ಈಗ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಲಾಗಿನ್) ಮೂಲಕ ಸರ್ವರ್ ಒಳಗೆ ಹೋಗಿ, ಕರ್ಲ್ ಎಂಬ ಕಮಾಂಡ್‌ನಿಂದ ಲೋಕಲ್‌ಹೋಸ್ಟ್‌ನ (ಅಂದರೆ ಅದೇ ಯಂತ್ರದ) 8080 ಪೋರ್ಟ್‌ನಲ್ಲಿ ಜೆಂಕಿನ್ಸ್‌ನ ಲಾಗಿನ್ ಪುಟ ಕೇಳಿ. ‘ಸರಿ’ ಎಂಬ ಅರ್ಥದ 200 ಬಂದರೆ ಜೆಂಕಿನ್ಸ್ ಅನ್ನು ಮುಟ್ಟಲೇಬೇಡಿ, ತೊಂದರೆ ಹೊರಗಿದೆ. ಉದಾಹರಣೆಗೆ, ಪುಣೆಯ ಹಿಂಜವಡಿ ಆಫೀಸಿನಲ್ಲಿ ತೆರೆಯುವ ಪುಟ ಪಕ್ಕದ ವಾಕಡ್‌ನ ಮನೆಯಲ್ಲಿ ತೆರೆಯದಿದ್ದರೆ, ಸೆಕ್ಯುರಿಟಿ ಗ್ರೂಪ್‌ನಲ್ಲಿ (ಕ್ಲೌಡ್ ಸರ್ವರ್‌ನ ಫೈರ್‌ವಾಲ್ ನಿಯಮಗಳು) ಆಫೀಸಿನ ಐಪಿ ವಿಳಾಸಕ್ಕೆ ಮಾತ್ರ ಅನುಮತಿ ಇರಬಹುದು. ಹಾಗೆಂದು ಇಡೀ ಜಗತ್ತಿಗೆ 8080 ತೆರೆದಿಡಬೇಡಿ, ಆಫೀಸಿನ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಬಳಸಿ.

ಕರ್ಲ್‌ಗೂ ಉತ್ತರವಿಲ್ಲವೇ? ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡ್‌ನಲ್ಲಿ ಜೆಂಕಿನ್ಸ್ ಯೂನಿಟ್‌ನ (ಸೇವೆಯ) ಕೊನೆಯ 100 ಸಾಲು ನೋಡಿ. ಅಪ್‌ಗ್ರೇಡ್ ಆದ ಮೇಲೆ ನಿಂತಿದ್ದರೆ ಬಹುಪಾಲು ಜಾವಾದ ತಕರಾರು: ಜೆಂಕಿನ್ಸ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ) 2.479.1ರಿಂದ ಕನಿಷ್ಠ ಜಾವಾ 17 ಬೇಕು. ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಕಂಡರೆ 8080 ಅನ್ನು ಬೇರೆ ಪ್ರೋಗ್ರಾಂ ಹಿಡಿದಿದೆ, ಹೆಚ್ಚಾಗಿ ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್. ಡಿಸ್ಕ್ ತುಂಬಿದೆಯೇ ಎಂದೂ ನೋಡಿ.

ಪೋರ್ಟ್ ಬದಲಿಸುವಾಗ ತುಂಬ ಜನ ಎಡವುವ ಜಾಗ ಒಂದಿದೆ. 2022ರ ಎಲ್‌ಟಿಎಸ್ 2.332.1ರಿಂದ ಜೆಂಕಿನ್ಸ್‌ನ ಲಿನಕ್ಸ್ ಪ್ಯಾಕೇಜ್‌ಗಳು ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಬದಲಾಗಿವೆ. ಮೊದಲು ಪೋರ್ಟ್ ಬರೆಯುತ್ತಿದ್ದ ಹಳೆಯ ಡೀಫಾಲ್ಟ್ ಫೈಲಿನಲ್ಲಿ ಬರೆದದ್ದು ಕೆಲಸ ಮಾಡುವುದಿಲ್ಲ. ‘ಸಿಸ್ಟಮ್‌ಸಿಟಿಎಲ್ ಎಡಿಟ್ ಜೆಂಕಿನ್ಸ್’ ಕೊಟ್ಟು, ಸರ್ವಿಸ್ ವಿಭಾಗದಲ್ಲಿ ಎನ್ವಿರಾನ್‌ಮೆಂಟ್ ಸಾಲಾಗಿ ಜೆಂಕಿನ್ಸ್ ಪೋರ್ಟ್ ಬರೆದು ರೀಸ್ಟಾರ್ಟ್ ಮಾಡಿ.